ಅಡಿಟಿಪ್ಪಣಿಯಲ್ಲಿ ಉಳಿದ ಅಲೆ: ಸಾಲಿಟಾನ್ ಚರಿತ್ರೆಯ ಭಾಷೆ

ಸಾಲಿಟಾನ್ ಸಿದ್ಧಾಂತವನ್ನು ಪರಿಚಯಿಸುವ ಪಠ್ಯಗ್ರಂಥಗಳು ಬಹುಮಟ್ಟಿಗೆ ಒಂದೇ ಕಥೆಯಿಂದ ಆರಂಭವಾಗುತ್ತವೆ. 1834ರ ಆಗಸ್ಟ್ ತಿಂಗಳು. ಎಡಿನ್‌ಬರೊ ಸಮೀಪದ ಯೂನಿಯನ್ ಕಾಲುವೆ. ಜೋಡಿ ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ಥಟ್ಟನೆ ನಿಲ್ಲುತ್ತದೆ. ದೋಣಿಯ ಮುಂಭಾಗದಲ್ಲಿ ಒಟ್ಟಾದ ನೀರು ದುಂಡನೆಯ ಒಂಟಿ ದಿಬ್ಬವಾಗಿ, ಆಕಾರ ಕೆಡದೆ, ಕಾಲುವೆಯ ಉದ್ದಕ್ಕೂ ಸಾಗುತ್ತದೆ. ಜಾನ್ ಸ್ಕಾಟ್ ರಸೆಲ್ ಎಂಬ ಇಪ್ಪತ್ತಾರು ವರ್ಷದ ಎಂಜಿನಿಯರ್ ಕುದುರೆಯೇರಿ ಅದನ್ನು ಒಂದೆರಡು ಮೈಲು ಬೆನ್ನಟ್ಟುತ್ತಾನೆ. ಕಾಲುವೆಯ ತಿರುವುಗಳಲ್ಲಿ ಅದು ಅವನ ಕಣ್ತಪ್ಪಿಸಿಕೊಳ್ಳುತ್ತದೆ. ಬಳಿಕ ವಿದ್ವಾಂಸರ ಅನಾದರ, ನೂರಮೂವತ್ತು ವರ್ಷಗಳ ಮೌನ, 1965ರಲ್ಲಿ ಗಣಕಯಂತ್ರದ ಮುಂದೆ ಮರುಹುಟ್ಟು. ಕಥೆ ಸೊಗಸಾಗಿದೆ. ಆದರೆ ಈ ಕಥೆಯಲ್ಲಿ ಮೌನವೆಂದು ಕರೆಯಲಾದ ಕಾಲದ ಬಹುಭಾಗ ಮೌನವಾಗಿರಲಿಲ್ಲ. ಅದು ಬೇರೆ ಭಾಷೆಗಳಲ್ಲಿ ಮಾತಾಡುತ್ತಿತ್ತು.

ಮೊದಲಿಗೆ ರಸೆಲನ ಬರಹವನ್ನೇ ನೋಡಬೇಕು. ಎಲ್ಲರೂ ಉದ್ಧರಿಸುವ ಆ ಪ್ರಸಿದ್ಧ ಪರಿಚ್ಛೇದ 1844ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಯಾರ್ಕ್ ಅಧಿವೇಶನಕ್ಕೆ ಸಲ್ಲಿಸಿದ 'ಅಲೆಗಳ ವರದಿ'ಯದು. ಎಂಬತ್ತು ಪುಟಗಳಷ್ಟು ದೀರ್ಘವಾದ ಆ ವರದಿಯಲ್ಲಿ ಜನ ಓದಿರುವುದು ಹತ್ತು ಹನ್ನೆರಡು ಸಾಲು. ಅದು ಕಂಡ ಹೊತ್ತಿನ ದಿನಚರಿಯಲ್ಲ, ಹತ್ತು ವರ್ಷಗಳ ಬಳಿಕದ ನೆನಪಿನ ಬರಹ ಎಂಬುದನ್ನೂ ಮರೆಯುವಂತಿಲ್ಲ. ಉಳಿದ ಪುಟಗಳು ಒಣ ಗದ್ಯದವು: ತೊಟ್ಟಿಯಲ್ಲಿ ಎಬ್ಬಿಸಿದ ಅಲೆಗಳ ಅಳತೆ, ಕೋಷ್ಟಕ, ಅಲೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುವ ಪ್ರಯತ್ನ. ಆದರೆ ರಸೆಲನ ನಿಜವಾದ ಸಾಧನೆ ಇರುವುದು ಈ ಒಣ ಪುಟಗಳಲ್ಲೇ. ಅಲೆಯ ವೇಗದ ವರ್ಗವು ನೀರಿನ ಆಳ ಮತ್ತು ಅಲೆಯ ಎತ್ತರಗಳ ಮೊತ್ತವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿದಷ್ಟು ಎಂಬ ನಿಯಮವನ್ನು ಅವನು ಅಳತೆಯಿಂದಲೇ ಪಡೆದ. ಎತ್ತರದ ಅಲೆ ಗಿಡ್ಡ ಅಲೆಗಿಂತ ವೇಗವಾಗಿ ಓಡುತ್ತದೆ ಎಂಬುದು ಇದರ ತಾತ್ಪರ್ಯ. ಕುದುರೆಯ ಮೇಲಿಂದ ಅವನು ಅಂದಾಜಿಸಿದ ಗಂಟೆಗೆ ಎಂಟೊಂಬತ್ತು ಮೈಲಿನ ವೇಗವನ್ನು ಈ ಸೂತ್ರಕ್ಕೆ ಹಾಕಿದರೆ ಆಳ ಮತ್ತು ಎತ್ತರಗಳ ಮೊತ್ತ ಸುಮಾರು ಒಂದೂವರೆ ಮೀಟರ್ ಎಂದು ಬರುತ್ತದೆ. ದೋಣಿ ಕಾಲುವೆಯೊಂದಕ್ಕೆ ಇದು ತಕ್ಕ ಲೆಕ್ಕವೇ.

ರಸೆಲ್ ತನ್ನ ಅಲೆಗೆ ಇಟ್ಟ ಹೆಸರು 'ಟ್ರಾನ್ಸ್‌ಲೇಷನ್ನಿನ ಅಲೆ'. ಸಾಮಾನ್ಯ ಅಲೆ ದಾಟಿಹೋದಾಗ ನೀರು ಏರಿಳಿದು ಬಹುಮಟ್ಟಿಗೆ ತನ್ನ ಜಾಗಕ್ಕೇ ಮರಳುತ್ತದೆ; ಈ ಅಲೆಯಾದರೋ ನೀರನ್ನು ಒಂದಿಷ್ಟು ಮುಂದಕ್ಕೆ ಒಯ್ದು ಅಲ್ಲಿಯೇ ಬಿಟ್ಟುಹೋಗುತ್ತದೆ. ಇಂಗ್ಲಿಷಿನಲ್ಲಿ ಸ್ಥಾನಾಂತರಕ್ಕೂ ಭಾಷಾಂತರಕ್ಕೂ ಅದೊಂದೇ ಶಬ್ದ. ಕನ್ನಡದಲ್ಲಿ ಎರಡೂ 'ಅಂತರ'ವನ್ನು ಹಂಚಿಕೊಂಡು ಬೇರೆಯಾಗಿ ನಿಂತಿವೆ. ರಸೆಲನಿಗೆ ಶ್ಲೇಷೆಯ ಉದ್ದೇಶ ಇರಲಿಲ್ಲ, ನಿಜ. ಆದರೂ ಆ ಅಲೆಯ ಮುಂದಿನ ಚರಿತ್ರೆಗೆ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆ.

ಜಾರ್ಜ್ ಏರಿ ಮತ್ತು ಜಾರ್ಜ್ ಸ್ಟೋಕ್ಸ್ ರಸೆಲನನ್ನು ತಿರಸ್ಕರಿಸಿದರೆಂಬ ಮಾತನ್ನು ಎಚ್ಚರದಿಂದ ಆಡಬೇಕಾಗಿದೆ. ರಾಜಖಗೋಳಜ್ಞನಾಗಿದ್ದ ಏರಿಯ ಗಣಿತವು ತಪ್ಪಾಗಿರಲಿಲ್ಲ, ಅಪೂರ್ಣವಾಗಿತ್ತು. ಉದ್ದ ಅಲೆಯ ನೆತ್ತಿ ಬುಡಕ್ಕಿಂತ ಬೇಗ ಓಡುತ್ತದೆ, ಆದ್ದರಿಂದ ಅದರ ಮುಂಭಾಗ ಕಡಿದಾಗುತ್ತ ಹೋಗಲೇಬೇಕು ಎಂಬುದು ಅವನ ವಾದ. ಇದು ಅರೇಖೀಯತೆಯ ಪರಿಣಾಮ. ಬೇರೆಬೇರೆ ಉದ್ದದ ಅಲೆಗಳು ಬೇರೆಬೇರೆ ವೇಗದಲ್ಲಿ ಸಾಗುವುದರಿಂದ ದಿಬ್ಬ ಚದುರಿಹೋಗುತ್ತದೆಂಬ ಇನ್ನೊಂದು ಪರಿಣಾಮ ಆ ಲೆಕ್ಕದಲ್ಲಿ ಇರಲಿಲ್ಲ. ಒಂದು ಅಲೆಯನ್ನು ಕಡಿದಾಗಿಸುತ್ತದೆ, ಇನ್ನೊಂದು ಹರಡುತ್ತದೆ. ಎರಡೂ ಸರಿಸಮನಾಗಿ ತೂಗಿದಾಗ ಮಾತ್ರ ರಸೆಲ್ ಕಂಡ ಅಲೆ ಸಾಧ್ಯ. 1847ರಲ್ಲಿ ಅಂಥ ಅಲೆಯ ಸ್ಥಿರತೆಯನ್ನು ಶಂಕಿಸಿದ ಸ್ಟೋಕ್ಸ್ ಮುಂದೆ ತನ್ನ ನಿಲುವನ್ನು ತಿದ್ದಿಕೊಂಡು, 1891ರಲ್ಲಿ ಒಂಟಿ ಅಲೆಯ ಸಿದ್ಧಾಂತದ ಬಗೆಗೇ ಟಿಪ್ಪಣಿ ಪ್ರಕಟಿಸಿದ. ಖಳನಾಯಕರನ್ನು ಬಯಸುವ ಕಥನಕ್ಕೆ ಈ ತಿದ್ದುಪಡಿ ಬೇಕಾಗಿಲ್ಲ. ತನ್ನ ಅಲೆಯನ್ನು ವಾಯುಮಂಡಲಕ್ಕೂ ಈಥರಿಗೂ ವಿಸ್ತರಿಸಿ, ಅವುಗಳ ಆಳವನ್ನೂ ಲೆಕ್ಕಹಾಕಹೊರಟ ರಸೆಲನ ಗ್ರಂಥ ಅವನ ಮರಣಾನಂತರ 1885ರಲ್ಲಿ ಹೊರಬಂತು. ಅದೂ ಯಾರಿಗೂ ಬೇಕಾಗಿಲ್ಲ. ಅಂಥ ಉತ್ಸಾಹಿಯ ಮಾತನ್ನು ಸಮಕಾಲೀನರು ತುಸು ಅನುಮಾನದಿಂದ ಕೇಳಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಮೌನವೆಂದು ಹೇಳಲಾದ ಇದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಏನು ನಡೆಯುತ್ತಿತ್ತು? ಆಂರಿ ಬಾಜ಼ಾಂ ಬರ್ಗಂಡಿಯ ಕಾಲುವೆಯಲ್ಲಿ ರಸೆಲನ ಪ್ರಯೋಗಗಳನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ನಡೆಸಿ 1865ರಲ್ಲಿ ಪ್ರಕಟಿಸಿದ. 1871ರಲ್ಲಿ ಜೋಸೆಫ್ ಬೂಸಿನೆಸ್ಕ್ ಒಂಟಿ ಅಲೆಯ ಆಕಾರವನ್ನು ಗಣಿತದಿಂದ ಸಾಧಿಸಿದ. ರಸೆಲನ ವೇಗದ ನಿಯಮವೂ ಅದರಿಂದ ಸಹಜವಾಗಿ ಹೊರಟುಬಂತು. ಇಂಗ್ಲೆಂಡಿನಲ್ಲಿ ರೇಲಿ ಅದೇ ಫಲಿತಾಂಶವನ್ನು ತಲುಪಿದ್ದು 1876ರಲ್ಲಿ. ಇನ್ನು 1877ರಲ್ಲಿ ಪ್ರಕಟವಾದ ಬೂಸಿನೆಸ್ಕನ ಹರಿಯುವ ನೀರಿನ ಕುರಿತಾದ ಬೃಹದ್ಗ್ರಂಥದ 360ನೆಯ ಪುಟದ ಅಡಿಟಿಪ್ಪಣಿಯಲ್ಲಿ ಒಂದು ಸಮೀಕರಣವಿದೆ. ಇಂದು ಜಗತ್ತು ಅದನ್ನು ಕೋರ್ಟೆವೆಗ್–ದ ವ್ರೀಸ್ ಸಮೀಕರಣವೆಂದು ಕರೆಯುತ್ತದೆ. ಆ ಇಬ್ಬರು ಡಚ್ಚರ ಲೇಖನ ಬಂದದ್ದು ಹದಿನೆಂಟು ವರ್ಷಗಳ ಬಳಿಕ, 1895ರಲ್ಲಿ.

ಇದನ್ನು ಕೃತಿಚೌರ್ಯವೆಂದು ಕೂಗುವುದು ಸುಲಭ, ಆದರೆ ಅನ್ಯಾಯ. ಬೂಸಿನೆಸ್ಕನಿಗೆ ಆ ಸಮೀಕರಣ ದಾರಿಯಲ್ಲಿ ಸಿಕ್ಕ ಒಂದು ಮೆಟ್ಟಿಲು. ಅದನ್ನು ತುಳಿದು ಅವನು ಮುಂದೆ ಹೋದ. ಡೀಡೆರಿಕ್ ಕೋರ್ಟೆವೆಗ್ ಮತ್ತು ಅವನ ಶಿಷ್ಯ ಗುಸ್ತಾವ್ ದ ವ್ರೀಸ್ ಅದನ್ನು ಮನೆಯ ನಡುವೆ ಇರಿಸಿದರು. ಉದ್ದ ಅಲೆ ಆಕಾರ ಬದಲಿಸಲೇಬೇಕೆಂದು ಲ್ಯಾಂಬ್ ಮತ್ತು ಬ್ಯಾಸೆಟರ ಮಾನ್ಯ ಗ್ರಂಥಗಳು ಆಗಲೂ ಹೇಳುತ್ತಿದ್ದುದನ್ನು ಎತ್ತಿಕೊಂಡು, ಒಂಟಿ ಅಲೆಯ ಜೊತೆಗೆ ಸಾಲುಸಾಲಾಗಿ ಆಕಾರ ಕೆಡದೆ ಸಾಗುವ ಹೊಸ ಬಗೆಯ ಅಲೆಗಳನ್ನೂ ತೋರಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ದ ವ್ರೀಸನ ಪ್ರಬಂಧ 1894ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಸಲ್ಲಿಕೆಯಾದದ್ದು ಡಚ್ ಭಾಷೆಯಲ್ಲಿ. ಮರುವರ್ಷದ ಲೇಖನ ಲಂಡನ್ನಿನ ಪತ್ರಿಕೆಯಲ್ಲಿ, ಇಂಗ್ಲಿಷಿನಲ್ಲಿ. ಪ್ರಬಂಧ ಡಚ್ಚಿನಲ್ಲಿಯೇ ಉಳಿದಿದ್ದರೆ ಸಮೀಕರಣಕ್ಕೆ ಇಂದು ಯಾರ ಹೆಸರು ಇರುತ್ತಿತ್ತು ಎಂಬ ಪ್ರಶ್ನೆ ಎರಡು ಭಾಷೆಗಳಲ್ಲಿ ಬರೆಯುವ ಯಾವ ವಿದ್ವಾಂಸನಿಗೂ ಹೊಸದಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ವಕ್ರತೆ ಇನ್ನಷ್ಟು ಸ್ಪಷ್ಟ. 1965ರಲ್ಲಿ ನಾರ್ಮನ್ ಝಬುಸ್ಕಿ ಮತ್ತು ಮಾರ್ಟಿನ್ ಕ್ರುಸ್ಕಲ್ ಕೋರ್ಟೆವೆಗ್–ದ ವ್ರೀಸ್ ಸಮೀಕರಣವನ್ನು ಗಣಕದಲ್ಲಿ ಓಡಿಸಿದರು. ಸೌಮ್ಯವಾದ ಕೊಸೈನ್ ಅಲೆಯೊಂದು ಎಂಟು ದಿಬ್ಬಗಳಾಗಿ ಒಡೆಯಿತು. ಅವು ಒಂದನ್ನೊಂದು ಹಿಡಿದು, ಹಾಯ್ದು, ಸ್ಥಾನದಲ್ಲಿ ತುಸು ಪಲ್ಲಟವಾಗಿದ್ದನ್ನು ಬಿಟ್ಟರೆ ಏನೂ ಆಗದವರಂತೆ ಮುಂದೆ ಸಾಗಿದವು. ಇಲೆಕ್ಟ್ರಾನ್, ಪ್ರೋಟಾನ್‌ಗಳ ಪ್ರತ್ಯಯವನ್ನು ಅಂಟಿಸಿ ಅವುಗಳಿಗೆ 'ಸಾಲಿಟಾನ್' ಎಂದು ಹೆಸರಿಟ್ಟರು. ಹೆಸರು ಅದ್ಭುತವಾಗಿ ಕೆಲಸ ಮಾಡಿತು. ಎರಡೇ ವರ್ಷಗಳಲ್ಲಿ ಗಾರ್ಡ್‌ನರ್, ಗ್ರೀನ್, ಕ್ರುಸ್ಕಲ್, ಮಿಯುರಾ ಸಮೀಕರಣವನ್ನು ಪೂರ್ಣವಾಗಿ ಬಿಡಿಸುವ ವಿಧಾನವನ್ನೇ ಕಂಡುಹಿಡಿದರು. ಆದರೆ ಹಾಯ್ದು ಹೋಗುವ ಅಲೆಗಳ ವರ್ಣನೆ ಅದಕ್ಕೂ ಮೊದಲೇ ಇತ್ತು. ಸ್ಫಟಿಕದಲ್ಲಿನ ಪರಮಾಣು ಸಾಲಿನ ದೋಷಗಳನ್ನು ಅಭ್ಯಸಿಸುತ್ತಿದ್ದ ಸೇಗರ್, ಡೊಂತ್ ಮತ್ತು ಕೊಖೆನ್‌ಡೋರ್ಫರ್ 1953ರಲ್ಲಿಯೇ, ಜರ್ಮನ್ ಭಾಷೆಯಲ್ಲಿ, ಅಂಥ ಎರಡು ದೋಷಗಳ ಘರ್ಷಣೆಯನ್ನು ಗಣಕದ ನೆರವಿಲ್ಲದೆ ಬರಿಯ ಸೂತ್ರಗಳಿಂದ ಬಿಡಿಸಿದ್ದರು. ಅವರು ಬಳಸಿದ ಸಮೀಕರಣಕ್ಕೆ ಆಮೇಲೆ 'ಸೈನ್-ಗಾರ್ಡನ್' ಎಂಬ ಹೆಸರು ಬಂತು, ಅದೂ ಕ್ಲೈನ್-ಗಾರ್ಡನ್ ಎಂಬುದರ ಮೇಲಿನ ಇಂಗ್ಲಿಷ್ ಹಾಸ್ಯವಾಗಿ. ಜರ್ಮನ್ ಲೇಖನದಲ್ಲಿ ಸಂಗತಿಯಿತ್ತು, ಹೆಸರಿರಲಿಲ್ಲ. ಝಖಾರೋವ್ ಮತ್ತು ಶಬಾತ್ ಅರೇಖೀಯ ಶ್ರೋಡಿಂಗರ್ ಸಮೀಕರಣವನ್ನು ಬಿಡಿಸಿದ ಲೇಖನವನ್ನು ಗ್ರಂಥಗಳು ಸಾಮಾನ್ಯವಾಗಿ 1972ರದೆಂದು ಉಲ್ಲೇಖಿಸುತ್ತವೆ. ಮೂಲ ರಷ್ಯನ್ ಲೇಖನ 1971ರದು. 1972 ಅದರ ಇಂಗ್ಲಿಷ್ ಅನುವಾದದ ವರ್ಷ.

ಹೆಸರಿನ ಬಗೆಗೆ ಇನ್ನೊಂದು ಮಾತು. 'ಒಂಟಿ ಅಲೆ' ಎಂಬುದು ಒಳ್ಳೆಯ ಕನ್ನಡ; ರಸೆಲ್ ಕಂಡದ್ದಕ್ಕೆ ಅದು ಸಾಕು. ಆದರೆ ಸಾಲಿಟಾನಿನ ಲಕ್ಷಣ ಒಂಟಿಯಾಗಿರುವಾಗ ತಿಳಿಯುವಂಥದಲ್ಲ. ಇನ್ನೊಂದನ್ನು ಎದುರುಗೊಂಡು, ಹಾಯ್ದು, ತಾನು ತಾನಾಗಿಯೇ ಹೊರಬರುವುದರಲ್ಲಿ ಅದು ಗೋಚರಿಸುತ್ತದೆ. ಎಲ್ಲ ಒಂಟಿ ಅಲೆಗಳಿಗೂ ಈ ಗುಣವಿಲ್ಲ. ಆದ್ದರಿಂದ ಕನ್ನಡದಲ್ಲಿ ಎರಡು ಶಬ್ದಗಳೂ ಬೇಕು: ಒಂಟಿ ಅಲೆಯೂ ಬೇಕು, ಸಾಲಿಟಾನ್ ಎಂಬ ಎರವಲೂ ಬೇಕು. ಒಂದರಿಂದ ಇನ್ನೊಂದರ ಕೆಲಸ ಮಾಡಿಸಹೊರಟ ಪಾರಿಭಾಷಿಕ ಕೋಶ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ. ಇಂಗ್ಲಿಷ್ ಶಬ್ದದ ಒಳಗೂ ಇದೇ ಒಗಟಿದೆ; ಅಲ್ಲಿನವರಿಗೆ ಅದು ಅಷ್ಟಾಗಿ ಕಾಣುವುದಿಲ್ಲ ಅಷ್ಟೆ.

ಈ ಚರಿತ್ರೆಯಲ್ಲಿ ಅಡಿಟಿಪ್ಪಣಿ ಇನ್ನೊಮ್ಮೆ ಬರುತ್ತದೆ. ಝಬುಸ್ಕಿ ಮತ್ತು ಕ್ರುಸ್ಕಲರನ್ನು ಈ ಸಮೀಕರಣದತ್ತ ತಂದದ್ದು ಲಾಸ್ ಅಲಮೋಸ್‌ನಲ್ಲಿ ಫರ್ಮಿ, ಪಾಸ್ತಾ, ಉಲಾಮರು ನಡೆಸಿದ ಪ್ರಯೋಗ. ಅರೇಖೀಯ ಸ್ಪ್ರಿಂಗ್‌ಗಳಿಂದ ಕಟ್ಟಿದ ಕಣಗಳ ಸರಪಳಿಗೆ ಒಂದೇ ಕಂಪನದಲ್ಲಿ ಶಕ್ತಿಯನ್ನು ತುಂಬಿದರೆ ಅದು ಎಲ್ಲ ಕಂಪನಗಳಿಗೂ ಹಂಚಿಹೋಗಬೇಕೆಂದು ಅವರ ನಿರೀಕ್ಷೆ. ಮೇನಿಯಾಕ್ ಗಣಕ ತೋರಿಸಿದ್ದು ಶಕ್ತಿ ಸುತ್ತಾಡಿ ಬಹುಪಾಲು ಮೊದಲ ಕಂಪನಕ್ಕೇ ಮರಳುವುದನ್ನು. ಫರ್ಮಿ 1954ರ ನವೆಂಬರಿನಲ್ಲಿ ತೀರಿಕೊಂಡ. ವರದಿಯ ದಿನಾಂಕ 1955ರ ಮೇ. ವರದಿಯನ್ನು ಬರೆದವರು ಮೂವರು, ಕೆಲಸ ಮಾಡಿದವರು ನಾಲ್ವರು ಎಂದು ಅದೇ ಹೇಳುತ್ತದೆ. ನಾಲ್ಕನೆಯ ಹೆಸರು ಮೇರಿ ತ್ಸಿಂಗೌ. ಗಣಕಕ್ಕೆ ಕ್ರಮವಿಧಿ ಬರೆದು, ಲೆಕ್ಕ ನಡೆಸಿದ್ದಕ್ಕಾಗಿ ಅವಳಿಗೆ ಅಡಿಟಿಪ್ಪಣಿಯಲ್ಲಿ ಕೃತಜ್ಞತೆ ಹೇಳಲಾಗಿದೆ. ಅರ್ಧ ಶತಮಾನ ಈ ಸಮಸ್ಯೆ ಮೂವರ ಹೆಸರಿನಲ್ಲಿಯೇ ನಡೆಯಿತು; ನಾಲ್ಕನೆಯ ಹೆಸರನ್ನು ಸೇರಿಸಬೇಕೆಂದು 2008ರಲ್ಲಿ ತಿಯೆರಿ ದೊಸ್ವಾ ಬರೆದ ಬಳಿಕವೇ ಆ ರೂಢಿ ಬದಲಾಗತೊಡಗಿದ್ದು. ಲೇಖಕರ ಪಟ್ಟಿಗೂ ಕೃತಜ್ಞತೆಯ ಸಾಲಿಗೂ ನಡುವಿನ ಗೆರೆಯನ್ನು ಎಳೆಯುವವರು ಯಾರು ಎಂಬುದು ಭೌತಶಾಸ್ತ್ರದ ಪ್ರಶ್ನೆಯಲ್ಲವೆಂದು ತಳ್ಳಿಹಾಕಬಹುದು. ಹಾಗೆ ತಳ್ಳಿಹಾಕಿದ್ದರಿಂದ ಆದ ನಷ್ಟ ಮಾತ್ರ ಭೌತಶಾಸ್ತ್ರದ್ದೂ ಹೌದು. 1972ರಲ್ಲಿ ಜೇಮ್ಸ್ ಟಕ್‌ನೊಡನೆ ಪ್ರಕಟಿಸಿದ ಲೇಖನದಲ್ಲಿ ಅವಳು, ಲೆಕ್ಕವನ್ನು ಇನ್ನೂ ಬಹುದೂರ ಓಡಿಸಿದರೆ ಶಕ್ತಿಯ ಆ ಮರಳುವಿಕೆಯೂ ಒಂದು ದೀರ್ಘತರ ಆವರ್ತದಲ್ಲಿ ಮರಳುತ್ತದೆಂದು ತೋರಿಸಿದಳು. ಆ ಲೇಖನದ ಮೇಲಿರುವುದು ಅವಳ ವಿವಾಹಾನಂತರದ ಹೆಸರು, ಮೆಂಜ಼ೆಲ್. ಅಡಿಟಿಪ್ಪಣಿಯ ತ್ಸಿಂಗೌ ಮತ್ತು ಈ ಮೆಂಜ಼ೆಲ್ ಒಬ್ಬಳೇ ಎಂಬುದು ಬಹುಕಾಲ ಹೆಚ್ಚಿನ ಓದುಗರ ಗಮನಕ್ಕೇ ಬರಲಿಲ್ಲ.