ಸೆರೆಮನೆಯ ವೈದ್ಯ ಮತ್ತು ಹೆಬ್ಬಾಗಿಲು: 1894ರ ಕಾಯಿದೆಯ ಒಂದು ವಿಮರ್ಶೆ

ಕಾಯಿದೆಯ ಪುಸ್ತಕವನ್ನು ವಕೀಲರು ವಾದಕ್ಕಾಗಿಯೂ ಅಧಿಕಾರಿಗಳು ಆಡಳಿತಕ್ಕಾಗಿಯೂ ಓದುತ್ತಾರೆ. ಚರಿತ್ರೆಯ ವಿದ್ಯಾರ್ಥಿಯ ಓದು ಬೇರೆ. ಶಾಸನವೊಂದು ಯಾವುದನ್ನು ಕಂಡಿತು, ಯಾವುದನ್ನು ಕಾಣದೆ ಹೋಯಿತು ಎಂಬುದೇ ಅವನ ಪ್ರಶ್ನೆ. 1894ರ ಭಾರತೀಯ ಕಾರಾಗೃಹ ಕಾಯಿದೆಯಲ್ಲಿ ಬಂದಿಗಳ ಚಿಕಿತ್ಸೆಗೆ ಸಂಬಂಧಿಸಿದ ವಿಧಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ರಾಜ್ಯವು 1963ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತಾದರೂ, ದೇಶದ ಸೆರೆಮನೆಗಳ ಆಡಳಿತಕ್ಕೆ ಬಹುಕಾಲ ಮೇಲ್ಪಂಕ್ತಿಯಾಗಿ ನಿಂತದ್ದು 1894ರ ಶಾಸನವೇ.

ಮೊದಲು ಅದರ ಗುಣಗಳನ್ನು ಒಪ್ಪಿಕೊಳ್ಳುವುದು ನ್ಯಾಯ. ಪ್ರತಿಯೊಂದು ಸೆರೆಮನೆಯಲ್ಲಿಯೂ ಆಸ್ಪತ್ರೆಯಾಗಲಿ, ರೋಗಿಗಳಿಗೆ ತಕ್ಕ ಸ್ಥಳವಾಗಲಿ ಇರತಕ್ಕದ್ದೆಂದು 39ನೆಯ ವಿಧಿ ಹೇಳುತ್ತದೆ. ಒಳಗೆ ಬಂದ ಕೈದಿಯನ್ನು ಆದಷ್ಟು ಬೇಗ ಪರೀಕ್ಷಿಸಿ, ಅವನ ಮೈಮೇಲಿನ ಗಾಯಗಳನ್ನೂ ಆರೋಗ್ಯದ ಸ್ಥಿತಿಯನ್ನೂ ದಾಖಲಿಸಬೇಕೆಂದು 24ನೆಯ ವಿಧಿ ವಿಧಿಸುತ್ತದೆ. ವೈದ್ಯರನ್ನು ಕಾಣಬೇಕೆಂದವನ ಹೆಸರನ್ನು ತಡಮಾಡದೆ ತಿಳಿಸಬೇಕೆಂಬುದು 37ನೆಯ ವಿಧಿ. ನೂರಮೂವತ್ತು ವರ್ಷಗಳ ಹಿಂದಿನ ಶಾಸನಕ್ಕೆ ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಕಾಳಜಿಯ ಮೂಲವನ್ನು ವಿಚಾರಿಸಬೇಕು. ಅದು ಇಂಗ್ಲೆಂಡಿನ ಹದಿನೆಂಟನೆಯ ಶತಮಾನಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಸೆರೆಮನೆಯ ಜ್ವರ ಹರಡಿ, ಬಂದಿಗಳನ್ನು ವಿಚಾರಿಸಲು ಕುಳಿತಿದ್ದ ನ್ಯಾಯಾಧೀಶರೂ ನಗರದ ಲಾರ್ಡ್ ಮೇಯರರೂ ಸತ್ತರು. 1774ರಲ್ಲಿ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ಸೆರೆಮನೆಯ ಗೋಡೆಗಳಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದನ್ನೂ ರೋಗಿಗಳಿಗೆ ಪ್ರತ್ಯೇಕ ಕೋಣೆಗಳನ್ನೂ ವೈದ್ಯನ ನೇಮಕವನ್ನೂ ಕಡ್ಡಾಯಗೊಳಿಸಿತು. ಜಾನ್ ಹೋವರ್ಡನು ಊರೂರು ತಿರುಗಿ 1777ರಲ್ಲಿ ಪ್ರಕಟಿಸಿದ ಗ್ರಂಥದ ಹಿಂದೆ ಕರುಣೆಯಿತ್ತು, ನಿಜ. ಶಾಸನದ ಹಿಂದೆ ಭಯವೂ ಇತ್ತು. ಕೈದಿಯ ರೋಗವು ಹೊರಗಿನವರಿಗೆ ತಗಲುವ ಅಪಾಯವಾಗಿ ಕಂಡಿತೇ ಹೊರತು, ಕೈದಿಯ ಹಕ್ಕಾಗಿ ಕಾಣಲಿಲ್ಲ.

ಇದೇ ದೃಷ್ಟಿ 1894ರಲ್ಲಿಯೂ ಉಳಿದಿದೆ. ಪ್ರವೇಶದ ಪರೀಕ್ಷೆಯಲ್ಲಿಯೇ ಕೈದಿಯು ಯಾವ ತರಗತಿಯ ದುಡಿಮೆಗೆ ಯೋಗ್ಯನೆಂದು ವೈದ್ಯನು ಬರೆಯಬೇಕು. ದುಡಿಯುವ ಕೈದಿಗಳ ತೂಕವನ್ನು ಹದಿನೈದು ದಿನಕ್ಕೊಮ್ಮೆ ದಾಖಲಿಸಬೇಕು. ಕೆಲವು ದಂಡನೆಗಳಿಗೆ ಮುನ್ನ ಅವನ ದೇಹ ಅವನ್ನು ತಾಳಬಲ್ಲದೆಂದು ಪ್ರಮಾಣಪತ್ರ ಕೊಡಬೇಕು. ಈ ವಿಧಿಗಳು ಅನೇಕರನ್ನು ಕಾಪಾಡಿರಬಹುದು. ಆದರೂ ಇಲ್ಲಿ ವೈದ್ಯನ ವಿದ್ಯೆ ಮುಖ್ಯವಾಗಿ ದುಡಿಮೆಯನ್ನೂ ದಂಡನೆಯನ್ನೂ ಅಳೆಯುವ ಸಾಧನವಾಗಿದೆ. ಅದಲ್ಲದೆ 13ನೆಯ ವಿಧಿಯು ವೈದ್ಯನನ್ನು ಸೂಪರಿಂಟೆಂಡೆಂಟನ ಅಧೀನದಲ್ಲಿಟ್ಟಿತು. ವಸಾಹತು ಕಾಲದ ಅನೇಕ ಸೆರೆಮನೆಗಳಲ್ಲಿ ಸಿವಿಲ್ ಸರ್ಜನನೇ ಸೂಪರಿಂಟೆಂಡೆಂಟನೂ ಆಗಿದ್ದನು. ಬೀಗದ ಕೈಯೂ ಔಷಧದ ಶೀಶೆಯೂ ಒಂದೇ ಕೈಯಲ್ಲಿದ್ದಾಗ, ರೋಗಿಯು ಯಾರಲ್ಲಿ ದೂರಬೇಕು?

ಇನ್ನು ಬಿಡುಗಡೆಯ ಮಾತು. 26ನೆಯ ವಿಧಿಯ ಮೂರನೆಯ ಉಪವಿಧಿಯು, ತೀವ್ರವಾದ ಅಥವಾ ಅಪಾಯಕರವಾದ ರೋಗದಿಂದ ನರಳುವ ಕೈದಿಯನ್ನು ಅವನ ಇಚ್ಛೆಗೆ ವಿರುದ್ಧವಾಗಿ ಹೊರಹಾಕಕೂಡದೆನ್ನುತ್ತದೆ. ಇದು ಮನುಷ್ಯತ್ವದ ಮಾತು; ಸಾಯುವವನನ್ನು ಬೀದಿಗೆ ತಳ್ಳಬಾರದೆಂಬ ವಿವೇಕ ಇದರಲ್ಲಿದೆ. ಆದರೆ ಶಾಸನದ ಮಿತಿಯೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ರೋಗಿಯನ್ನು ಒಳಗೆ ಉಳಿಸಿಕೊಳ್ಳುವುದೊಂದೇ ಅದಕ್ಕೆ ಹೊಳೆದ ಉಪಾಯ. ಚಿಕಿತ್ಸೆಯನ್ನು ಅವನೊಡನೆ ಹೊರಗೆ ಕಳುಹಿಸುವ ಉಪಾಯ ಹೊಳೆಯಲಿಲ್ಲ. ತೀವ್ರವಲ್ಲದ, ಆದರೆ ದೀರ್ಘವಾದ ಕ್ಷಯ, ಮನೋರೋಗ, ಮಧುಮೇಹಗಳ ವಿಷಯದಲ್ಲಿ ಈ ಉಪವಿಧಿ ಮೌನವಾಗಿದೆ.

ಈ ಮೌನದ ಬೆಲೆ ಸಣ್ಣದಲ್ಲ. ಶಿಕ್ಷೆಯ ಅವಧಿಯನ್ನು ನ್ಯಾಯಾಧೀಶರು ಗೊತ್ತುಮಾಡುತ್ತಾರೆ. ರೋಗವು ಆ ತೀರ್ಪಿಗೆ ಬದ್ಧವಲ್ಲ. ಸಾಮಾನ್ಯ ಕ್ಷಯಕ್ಕೆ ರೂಢಿಯಲ್ಲಿರುವ ಚಿಕಿತ್ಸೆ ಆರು ತಿಂಗಳದು. ನಡುವೆ ನಿಂತರೆ ರೋಗ ಮರುಕಳಿಸಬಹುದು, ಔಷಧಕ್ಕೆ ಮಣಿಯದಂತೆಯೂ ಆಗಬಹುದು. ನಮ್ಮ ದೇಶದಲ್ಲಂತೂ 2022ರ ಕೊನೆಯಲ್ಲಿ ಸೆರೆಯಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಇಂಥವರಿಗೆ ಜಾಮೀನು ಯಾವ ದಿನ ದೊರೆಯುವುದೆಂದು ವೈದ್ಯನಿಗೆ ಮೊದಲೇ ತಿಳಿಯುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಬಿಡುಗಡೆಯಾದ 30,237 ಮಂದಿಯನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವು, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರ ಮರಣದ ಸಂಭವ ಇತರ ನಿವಾಸಿಗಳಿಗಿಂತ 12.7 ಪಟ್ಟು ಹೆಚ್ಚೆಂದು ತೋರಿಸಿತು. ಅಲ್ಲಿ ಮಾದಕ ದ್ರವ್ಯವೇ ಪ್ರಧಾನ ಕಾರಣವಾದುದರಿಂದ ಆ ಸಂಖ್ಯೆಯನ್ನು ನಮ್ಮ ದೇಶಕ್ಕೆ ನೇರವಾಗಿ ಅನ್ವಯಿಸುವುದು ತಪ್ಪು. ಆದರೆ ಹೆಬ್ಬಾಗಿಲನ್ನು ದಾಟುವ ಗಳಿಗೆಯೇ ಅಪಾಯದ ಗಳಿಗೆಯೆಂಬ ಪಾಠ ಎಲ್ಲರಿಗೂ ಸಲ್ಲತಕ್ಕದ್ದು.

ಹೊರಗಿನ ಬಡವನಿಗೇ ಒಳ್ಳೆಯ ಚಿಕಿತ್ಸೆಯಿಲ್ಲದಿರುವಾಗ ಅಪರಾಧಿಗೇಕೆ ಎಂಬ ಆಕ್ಷೇಪವುಂಟು. ಅದು ಕೇವಲ ಕ್ರೌರ್ಯದ ಮಾತಲ್ಲ, ಉತ್ತರಕ್ಕೆ ಅರ್ಹವಾದದ್ದು. ಹೊರಗಿನವನು ಒಬ್ಬ ವೈದ್ಯನಲ್ಲಿ ಗುಣ ಕಾಣದಿದ್ದರೆ ಮತ್ತೊಬ್ಬನಲ್ಲಿಗೆ ನಡೆದು ಹೋಗಬಲ್ಲನು. ಬಂದಿಯ ಆ ಕಾಲುಗಳನ್ನು ಪ್ರಭುತ್ವವೇ ಕಟ್ಟಿದೆ, ಕಟ್ಟಿದವರೇ ಹೊಣೆಗಾರರು. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ 24ನೆಯ ನಿಯಮವು, ಬಂದಿಗೆ ಸಮಾಜದಲ್ಲಿ ದೊರೆಯುವ ಮಟ್ಟದ ಚಿಕಿತ್ಸೆ ದೊರೆಯಬೇಕೆಂದೂ, ಸಾರ್ವಜನಿಕ ಆರೋಗ್ಯದ ಆಡಳಿತದೊಡನೆ ಸೇರಿ ಅದರ ನಿರಂತರತೆಯನ್ನು ಕಾಪಾಡಬೇಕೆಂದೂ ಹೇಳುತ್ತದೆ. ನಾರ್ವೆಯು 1988ರಲ್ಲಿಯೇ ಸೆರೆಮನೆಯ ವೈದ್ಯಕೀಯವನ್ನು ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ವಹಿಸಿತು.

ಕೇಂದ್ರ ಸರ್ಕಾರವು 2023ರಲ್ಲಿ ಮಾದರಿ ಕಾಯಿದೆಯೊಂದನ್ನು ಸಿದ್ಧಪಡಿಸಿ ರಾಜ್ಯಗಳಿಗೆ ಕಳುಹಿಸಿದೆ. ಹೊಸ ಶಾಸನಗಳನ್ನು ಅಳೆಯಲು ದೊಡ್ಡ ಸಿದ್ಧಾಂತ ಬೇಕಿಲ್ಲ. ಹೊರನಡೆಯುವವನ ಕೈಯಲ್ಲಿ ತನ್ನ ರೋಗದ ದಾಖಲೆಯ ಒಂದು ಪ್ರತಿ, ಕೆಲವು ವಾರಗಳ ಔಷಧ, ಅವನ ತಾಲ್ಲೂಕಿನ ಆಸ್ಪತ್ರೆಗೆ ಬರೆದ ಒಂದು ಪತ್ರ—ಇಷ್ಟು ಇರುವುದೇ ಎಂದು ಕೇಳಿದರೆ ಸಾಕು. 1894ರ ಕಾಯಿದೆಯು ಒಳಗೆ ಬರುವವನನ್ನು ಪರೀಕ್ಷಿಸಿ ಬರೆದುಕೊಂಡಿತು. ಹೊರಗೆ ಹೋಗುವವನ ಕೈಗೆ ಏನನ್ನೂ ಬರೆದು ಕೊಡಲಿಲ್ಲ.