ತೇವದ ಗೋಡೆಗೆ ಬಣ್ಣದ ಮದ್ದು

ಮೈಸೂರಿನ ಪಡುವಣ ಅಂಚಿನ ಬೋಗಾದಿಯಲ್ಲಿ ಮಳೆ ಹಿಂಜರಿದು ದಸರಾ, ದೀಪಾವಳಿ ಹತ್ತಿರವಾದವೆಂದರೆ ಬಣ್ಣದವರಿಗೆ ಕೈತುಂಬ ಕೆಲಸ. ಉಬ್ಬಿದ ಗೋಡೆ ಕೆರೆಯುತ್ತಾರೆ, ಪುಟ್ಟಿ ಮೆತ್ತಿ ಉಜ್ಜುತ್ತಾರೆ, ಪ್ರೈಮರ್ ಹೊಡೆದು ಮೇಲೆ ಎರಡು ಕೋಟು ‘ವಾಟರ್‌ಪ್ರೂಫ್’ ಬಣ್ಣ ಬಳಿಯುತ್ತಾರೆ. ಹಬ್ಬಕ್ಕೆ ಮನೆ ಹೊಸದಾಗಿ ಕಾಣುತ್ತದೆ. ಮುಂದಿನ ಆಷಾಢಕ್ಕೆ ಅದೇ ಮೂಲೆ ಮತ್ತೆ ಉಬ್ಬುತ್ತದೆ, ಅದೇ ಬೀರುವಿನ ಹಿಂದೆ ಮತ್ತೆ ಕಪ್ಪು ಬೂಷ್ಟು ಹಿಡಿಯುತ್ತದೆ. ವರ್ಷ ವರ್ಷ ನಡೆಯುವ ಈ ರಿಪೇರಿಯನ್ನು ನಾವು ಯಾರೂ ಪ್ರಶ್ನಿಸುತ್ತಿಲ್ಲ. ಪ್ರಶ್ನಿಸಬೇಕು. ಎಲ್ಲಕ್ಕಿಂತ ಕೊನೆಗೆ ಬರಬೇಕಾದ ಬಣ್ಣವನ್ನು ನಾವು ಮೊದಲ ಮದ್ದು ಮಾಡಿಕೊಂಡಿದ್ದೇವೆ.

ಮನೆಯೊಳಗಿನ ತೇವಕ್ಕೆ ಮೂರು ದಾರಿಗಳಿವೆ. ಒಂದು, ಹೊರಗಿನಿಂದ ಒಸರುವ ನೀರು: ತಾರಸಿಯ ಬಿರುಕು, ಪ್ಯಾರಾಪೆಟ್ಟಿನ ಬುಡ, ಒಡೆದ ಪೈಪು, ಪಕ್ಕದ ಬಚ್ಚಲು. ಎರಡು, ನೆಲದಿಂದ ಗೋಡೆಯೊಳಗೆ ಮೇಲೇರುವ ನೀರು. ಮೂರು, ಮನೆಯ ಗಾಳಿಯಲ್ಲೇ ಇದ್ದು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುವ ನೀರು. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಒಳಗಿನಿಂದ ಬಳಿಯುವ ಬಣ್ಣ ಮೂರನ್ನೂ ಒಂದೇ ಎಂದು ಭಾವಿಸುತ್ತದೆ. ಈ ಪದ್ಧತಿಯ ಮೂಲದೋಷ ಅದೇ.

ವಾಟರ್‌ಪ್ರೂಫ್ ಬಣ್ಣದ ಗುಣವನ್ನೂ ಹೇಳಬೇಕು. ಬಿರುಕು ಮುಚ್ಚಿ, ಇಳಿಜಾರು ಸರಿಪಡಿಸಿದ ತಾರಸಿಯ ಮೇಲೆ ಹಾಕಿದ ವಾಟರ್‌ಪ್ರೂಫ್ ಲೇಪನ ನಿಜಕ್ಕೂ ಕೆಲಸ ಮಾಡುತ್ತದೆ. ಮಳೆಗೆ ಮುಖ ಮಾಡಿದ ಹೊರಗೋಡೆಗೆ ಒಳ್ಳೆಯ ಎಕ್ಸ್‌ಟೀರಿಯರ್ ಬಣ್ಣ ಬೇಕೇ ಬೇಕು. ನೀರು ಬರುವ ಬದಿಯಲ್ಲಿ ತಡೆ ಹಾಕಿದರೆ ಅದು ತಡೆ. ನೀರು ಹೊರಬರುವ ಬದಿಯಲ್ಲಿ ಹಾಕಿದರೆ ಅದು ಬರೀ ಮುಚ್ಚಳ. ಗೋಡೆಯೊಳಗಿನ ನೀರು ಒಣಗಲು ದಾರಿಯಿಲ್ಲದೆ ಬಣ್ಣದ ಪದರದ ಹಿಂದೆ ನಿಲ್ಲುತ್ತದೆ. ಅದರಲ್ಲಿ ಕರಗಿದ ಉಪ್ಪು ಹರಳುಗಟ್ಟಿ ಪುಟ್ಟಿಯನ್ನೇ ಎತ್ತಿ ಹಾಕುತ್ತದೆ. ಬೆರಳಲ್ಲಿ ಒತ್ತಿದರೆ ಪೊಳ್ಳಾಗಿ ಪಟಕ್ಕನೆ ಒಡೆಯುವ ಗುಳ್ಳೆ, ಒಡೆದ ಕಡೆ ಉದುರುವ ಬಿಳಿ ಪುಡಿ: ಎಷ್ಟು ದುಬಾರಿ ಬಣ್ಣ ಹೊಡೆದರೂ ಕೊನೆಗೆ ಸಿಗುವುದು ಇದೇ.

ನೆಲದಿಂದ ಏರುವ ತೇವದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ನಮ್ಮಲ್ಲಿ ಸೈಜುಗಲ್ಲಿನ ಬುನಾದಿ, ಅದರ ಮೇಲೆ ಡಿಪಿಸಿ ಎಂದು ಕರೆಯುವ ಕಾಂಕ್ರೀಟ್ ಬೆಡ್ಡು ವಾಡಿಕೆ. ಬೆಡ್ಡನ್ನು ಗಟ್ಟಿಯಾಗಿ, ಎಲ್ಲೂ ತುಂಡಾಗದಂತೆ ಹಾಕಿದರೆ ನೆಲದ ನೀರು ಗೋಡೆ ಹತ್ತುವುದಿಲ್ಲ. ಕಟ್ಟಡದ ನಿಯಮಗಳು ಮನೆಯ ಒಳನೆಲದ ಮಟ್ಟ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಮೇಲಿರಬೇಕೆನ್ನುತ್ತವೆ. ಆದರೆ ಬಡಾವಣೆಯ ರಸ್ತೆಗೆ ಪ್ರತಿ ಸಲ ಡಾಂಬರು, ಕಾಂಕ್ರೀಟು ಬಿದ್ದಾಗಲೂ ರಸ್ತೆ ಏರುತ್ತದೆ, ಹಳೆಯ ಮನೆ ಅಷ್ಟೇ ತಗ್ಗುತ್ತದೆ. ಮನೆಯವರೂ ಅಂಗಳಕ್ಕೆ ಮಣ್ಣು ತುಂಬಿ ಟೈಲ್ಸ್ ಹಾಸಿ ಬೆಡ್ಡನ್ನೇ ಹೂತುಬಿಡುತ್ತಾರೆ. ಪೋರ್ಟಿಕೋದ ಕೆಳಗೆ, ಗೋಡೆಗೆ ಅಂಟಿಕೊಂಡ ಸಂಪು ಜಿನುಗುತ್ತಿದ್ದರೆ ಹಾಲಿನ ಗೋಡೆಯ ಕೆಳಗಿನ ಮೂರಡಿ ಬೇಸಿಗೆಯಲ್ಲೂ ಒಣಗುವುದಿಲ್ಲ. ಇಂಥ ಕಡೆ ಸಂಪನ್ನು ರಿಪೇರಿ ಮಾಡಿ, ಅಂಗಳದ ಮಟ್ಟ ಇಳಿಸಿ, ಉಪ್ಪು ಕುಡಿದ ಗಾರೆ ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಬರಿದಾಗಿ ಒಣಗಲು ಬಿಡಬೇಕು. ಹಬ್ಬದ ಹೊತ್ತಿಗೆ ಮುಗಿಯುವ ಕೆಲಸವಲ್ಲ ಇದು. ಆದ್ದರಿಂದಲೇ ಇದನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ಮೂರನೆಯ ತೇವದ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಅದನ್ನು ನಾವು ಗುರುತಿಸುವುದೇ ಇಲ್ಲ. ಗೋಡೆ ಬೆವರಿದರೂ ‘ಎಲ್ಲೋ ಲೀಕ್ ಇದೆ’ ಎಂದೇ ಹುಡುಕುತ್ತೇವೆ. ಒಂದು ಸಿಲಿಂಡರಿನ 14.2 ಕಿಲೋ ಅನಿಲ ಪೂರ್ತಿ ಉರಿದಾಗ ಸುಮಾರು 22 ಲೀಟರ್ ನೀರು ಆವಿಯಾಗಿ ಅಡುಗೆಮನೆಗೆ ಸೇರುತ್ತದೆ. ಅದು ಉರಿಯಿಂದಲೇ ಹುಟ್ಟುವ ನೀರು. ಇಡ್ಲಿ ಪಾತ್ರೆಯ ಹಬೆ, ಅನ್ನದ ಹಬೆ, ಗೀಸರ್ ಸ್ನಾನ, ಮಳೆಯೆಂದು ರೂಮಿನೊಳಗೆ ಹಗ್ಗ ಕಟ್ಟಿ ಹರವಿದ ಬಟ್ಟೆ, ಮಲಗಿದವರ ಉಸಿರು, ಇವೆಲ್ಲ ಇದರ ಮೇಲೆ. 25 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ 80 ಇದ್ದರೆ, ಸುಮಾರು 21 ಡಿಗ್ರಿಗೆ ತಣಿದ ಯಾವ ಮೇಲ್ಮೈಯಾದರೂ ಹನಿಗಟ್ಟುತ್ತದೆ. ಜುಲೈ ತಿಂಗಳಲ್ಲಿ ಬೆಳಗಿನ ಜಾವ ಮೈಸೂರಿನ ಗಾಳಿ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಬಿಸಿಲು ಕಾಣದ, ಮಳೆಯಲ್ಲಿ ನೆನೆದ ಹೊರಗೋಡೆಯೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಬೂಷ್ಟಿಗೆ ಹನಿಯೂ ಬೇಕಿಲ್ಲ, ಗೋಡೆಗೆ ತಾಗಿದ ಗಾಳಿ ದಿನಗಟ್ಟಲೆ ಶೇ 80ರಷ್ಟು ತೇವವಾಗಿದ್ದರೆ ಸಾಕು. ಬೀರುವನ್ನು ಗೋಡೆಗೆ ಒತ್ತಿ ಇಟ್ಟ ಕಡೆ ಗಾಳಿಯಾಡದು, ಅಲ್ಲೇ ಮೊದಲು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಹೊರತೆಗೆಯುವ ಮೈಸೂರು ರೇಷ್ಮೆ ಸೀರೆಗೆ ಮುಗ್ಗಲು ವಾಸನೆ ಬರುವುದು ಇದೇ ದಾರಿಯಿಂದ.

ಇದು ಸೀರೆಗೆ ಮುಗಿಯುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ತಂದಿತು. ತೇವದ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಆಸ್ತಮಾ ಉಲ್ಬಣಿಸುವ ಅಪಾಯ ಹೆಚ್ಚು ಎಂದು ಅದು ಹೇಳಿತು. ಮಗು ರಾತ್ರಿಯಿಡೀ ಕೆಮ್ಮುತ್ತಿದ್ದರೆ ಅದು ಮಲಗುವ ಮಂಚದ ಹಿಂದಿನ ಗೋಡೆಯನ್ನೂ ನೋಡಬೇಕು.

ನಾವು ಕಟ್ಟುತ್ತಿರುವ ಮನೆಯೇ ಈ ತೇವಕ್ಕೆ ಆಸರೆ. ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾದ ಬೋಗಾದಿಯಲ್ಲಿ ಹೊಲಗದ್ದೆಗಳ ಜಾಗಕ್ಕೆ ಬಡಾವಣೆಗಳು ಬಂದವು. 30x40ರ ಸೈಟಿನಲ್ಲಿ ಆರಿಂಚಿನ ಸಾಲಿಡ್ ಬ್ಲಾಕಿನ ಹೊರಗೋಡೆ ಎದ್ದಿತು. ‘ಎಲಿವೇಶನ್’ ಚೆನ್ನಾಗಿ ಕಾಣಲೆಂದು ಕಿಟಕಿಯ ಮೇಲಿನ ಸಜ್ಜೆ ಹೋಯಿತು, ಪಡುವಣದಿಂದ ಗಾಳಿಯೊಡನೆ ಬೀಸುವ ಸೋನೆಗೆ ಗೋಡೆ ನೇರ ಮೈಯೊಡ್ಡಿತು. ಸೂರಿನಡಿಯ ಗವಾಕ್ಷಿ ಮಾಯವಾಯಿತು. ಹಳೆಯ ಮೈಸೂರಿನ ಮನೆಗಳಲ್ಲಿ ದಪ್ಪ ಗೋಡೆ, ತೇವ ಹೀರಿ ಬಿಡುವ ಸುಣ್ಣದ ಗಾರೆ, ಹಬೆ ಮೇಲಿನಿಂದಲೇ ಹೊರಟುಹೋಗುವ ಮಂಗಳೂರು ಹೆಂಚು ಇದ್ದವು. ಆ ಮನೆಗಳೂ ಸೋರುತ್ತಿದ್ದವು, ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಬೇಕಿತ್ತು, ಅವುಗಳಿಗೆ ಮರಳಿ ಎಂದು ನಾನು ಹೇಳುತ್ತಿಲ್ಲ. ಆದರೆ ನೆನೆದದ್ದು ಒಣಗುವ ದಾರಿ ಅವುಗಳಲ್ಲಿತ್ತು. ಹೊಸ ಮನೆಯಲ್ಲಿ ನಾವು ಕಳೆದುಕೊಂಡದ್ದು ಆ ದಾರಿಯನ್ನು. ಸೊಳ್ಳೆ, ದೂಳು, ಕಳ್ಳರ ಭಯದಿಂದ ಕಿಟಕಿ ಮುಚ್ಚುವ ಜನರನ್ನು ದೂರಿ ಪ್ರಯೋಜನವಿಲ್ಲ. ಜಾಲರಿ ಹಾಕಿದ, ಮುಚ್ಚಲಾಗದ ವೆಂಟಿಲೇಟರನ್ನು ಮನೆಗೆ ಕೊಡುವುದು ಕಟ್ಟುವವರ ಹೊಣೆ.

ಹೊರನಾಡುಗಳ ಸಲಹೆಯನ್ನು ಹಾಗೇ ಎತ್ತಿ ತರುವುದೂ ತಪ್ಪು. ಚಳಿದೇಶಗಳಲ್ಲಿ ಹೊರಗಿನ ಗಾಳಿ ತಣ್ಣಗಿದ್ದು ಅದರಲ್ಲಿ ನೀರು ಕಡಿಮೆ. ಕಿಟಕಿ ತೆರೆದು ಒಳಗೆ ಹೀಟರ್ ಹಾಕಿದರೆ ಕೋಣೆ ಒಣಗುತ್ತದೆ. ನಮ್ಮ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವ. ಆದ್ದರಿಂದ ಹಬೆಯನ್ನು ಹುಟ್ಟುವ ಕಡೆಯೇ ಹಿಡಿದು ಹೊರಗಟ್ಟಬೇಕು: ಅಡುಗೆ ಮತ್ತು ಸ್ನಾನ ಮುಗಿದ ಮೇಲೂ ಸ್ವಲ್ಪ ಹೊತ್ತು ಎಕ್ಸಾಸ್ಟ್ ಫ್ಯಾನ್ ಓಡಬೇಕು, ಬಚ್ಚಲ ಬಾಗಿಲು ಮಲಗುವ ಕೋಣೆಯ ಕಡೆಗೆ ತೆರೆದಿರಬಾರದು. ಮಳೆ ಬಿಡುವು ಕೊಟ್ಟ ಮಧ್ಯಾಹ್ನ ಎದುರುಬದುರು ಕಿಟಕಿ ತೆರೆಯಬೇಕು. ಬೀರು ಗೋಡೆಯಿಂದ ಒಂದು ಗೇಣು ಮುಂದಿರಬೇಕು. ಬಟ್ಟೆ ಒಣಗಲು ತಾರಸಿಯ ಮೇಲೊಂದು ಶೀಟಿನ ಮಾಡು ಹಾಕಿಸಿದರೆ ಬಣ್ಣಕ್ಕೆ ಸುರಿಯುವ ದುಡ್ಡಿಗಿಂತ ಹೆಚ್ಚು ಫಲ.

ಯಾವ ತೇವವೆಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಕೋಣೆಯ ಕಡೆಯ ಮೈಯಲ್ಲಿ ಹನಿ ನಿಂತರೆ ತೇವ ಗಾಳಿಯದು. ಗೋಡೆಯ ಕಡೆ ನಿಂತರೆ ಗೋಡೆಯೊಳಗಿನದು. ಎರಡೂ ಕಡೆ ನಿಂತರೆ ಎರಡಕ್ಕೂ ಮದ್ದು ಮಾಡಬೇಕು.

ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಗೆ ಹತ್ತಿರವಾದ್ದರಿಂದ ಬೋಗಾದಿಯಲ್ಲಿ ಬಾಡಿಗೆ ಮನೆಗಳಿಗೆ ಬೇಡಿಕೆಯಿದೆ. ಬಾಡಿಗೆದಾರ ಖಾಲಿ ಮಾಡಿದಾಗ ಹೊಡೆಸುವ ಹೊಸ ಬಣ್ಣ ತೇವವನ್ನು ಮುಂದಿನವರ ಕಣ್ಣಿಂದ ಮರೆಸುತ್ತದೆ, ಅವರ ಎದೆಯಿಂದ ದೂರ ಇಡುವುದಿಲ್ಲ. ಇದು ನ್ಯಾಯದ ಪ್ರಶ್ನೆಯೂ ಹೌದು. ಮನೆ ನೋಡಲು ಹೋದವರು ಬಣ್ಣ ನೋಡದೆ ಬಚ್ಚಲಿಗೆ ಕಿಂಡಿಯಿದೆಯೇ, ಅಂಗಳ ಬೆಡ್ಡಿಗಿಂತ ಕೆಳಗಿದೆಯೇ, ಸಂಪು ಎಲ್ಲಿದೆ ಎಂದು ಕೇಳಲಿ. ಮಾಲೀಕರು ಬಣ್ಣದವರಿಗಿಂತ ಮೊದಲು ಮೇಸ್ತ್ರಿಯನ್ನೂ ಪ್ಲಂಬರನ್ನೂ ಕರೆಯಲಿ. ಗೋಡೆ ಒಣಗಿದ ಮೇಲೆ ಬಳಿದ ಬಣ್ಣ ಸಾಧಾರಣದ್ದಾದರೂ ವರ್ಷಗಟ್ಟಲೆ ನಿಲ್ಲುತ್ತದೆ.