14ನೇ ಕೋಣೆ ಎಲ್ಲಿದೆ ಸ್ವಾಮಿ?

ಶನಿವಾರ ರಾತ್ರಿ ಹತ್ತೂವರೆ. ಮೇಜಿನ ಸುತ್ತ ನಾಲ್ಕು ಜನ ಗೆಳೆಯರು, ನಡುವೆ ತಣ್ಣಗಾದ ಪಿಜ್ಜಾ, ಚೆಲ್ಲಾಡಿದ ದಾಳಗಳು. ಆಟ ನಡೆಸುವ ಡಂಜನ್ ಮಾಸ್ಟರ್ ನಾನು. ಕಥೆಯ ಪ್ರಕಾರ ಇವರೆಲ್ಲ ಈಗ ನೆಲಮಾಳಿಗೆಯ 14ನೇ ಕೋಣೆಗೆ ನುಗ್ಗಬೇಕು. ಪುಸ್ತಕದಲ್ಲಿ ಆ ಕೋಣೆಯ ವರ್ಣನೆ ಒಂದಿಡೀ ಪುಟ ಇದೆ. ನಕ್ಷೆಯಲ್ಲಿ ಮಾತ್ರ 13 ಆದಮೇಲೆ ಸೀದಾ 15. ಬಾಗಿಲು ಎಲ್ಲಿ, ಯಾವ ಕಡೆಯಿಂದ ಒಳಗೆ ಹೋಗೋದು, ಏನೂ ಇಲ್ಲ. ನಾನು ಪುಟ ತಿರುವುತ್ತಾ ಕೂತೆ, ಗೆಳೆಯರು ಒಬ್ಬೊಬ್ಬರಾಗಿ ಮೊಬೈಲ್ ತೆಗೆದರು. ಅಲ್ಲಿಗೆ ಆವತ್ತಿನ ಆಟ ಮುಗೀತು.

ಆ ಪುಸ್ತಕ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯದಲ್ಲ, ಅಮೆರಿಕದ ಒಬ್ಬ ಸಣ್ಣ ಪ್ರಕಾಶಕರದು. ಇಂಥವರನ್ನು ಥರ್ಡ್ ಪಾರ್ಟಿ ಅಂತೀವಿ. ಆಟ ಇನ್ನೊಬ್ಬರದು, ಅದಕ್ಕೆ ಬೇಕಾದ ಸಾಹಸಕಥೆ, ರಾಕ್ಷಸರು, ಊರುಕೇರಿಗಳು ಇವರವು. ಮಾರನೇ ದಿನ ವಿನಯವಾಗಿಯೇ ಒಂದು ಮೇಲ್ ಹಾಕಿದೆ. ಹನ್ನೊಂದು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂತು: ಒಳ್ಳೆ ಡಂಜನ್ ಮಾಸ್ಟರ್ ಆದವನಿಗೆ ಇದನ್ನೆಲ್ಲ ಸರಿ ಮಾಡಿಕೊಳ್ಳೋದು ದೊಡ್ಡ ವಿಷಯ ಅಲ್ಲ. ಸಾಂಬಾರಿಗೆ ಉಪ್ಪಿಲ್ಲ ಅಂದ ಗಿರಾಕಿಗೆ ‘ಅಡುಗೆ ಬಲ್ಲವರು ಹಾಕ್ಕೊಂಡು ತಿಂತಾರೆ’ ಅಂತ ಹೋಟೆಲಿನವರು ಹೇಳಿದ ಹಾಗಿತ್ತು.

ಥರ್ಡ್ ಪಾರ್ಟಿ ಮೇಲೆ ನನಗೆ ಕೋಪ ಇಲ್ಲ. ನನ್ನ ಕಪಾಟಿನ ಅರ್ಧ ಅವರದ್ದೇ. ಡಿ ಅಂಡ್ ಡಿ ಬಂದಿದ್ದು 1974ರಲ್ಲಿ. 1976ಕ್ಕೇ ಇಲಿನಾಯ್ ರಾಜ್ಯದ ಡೆಕೇಟರ್ ಎಂಬ ಊರಿನಲ್ಲಿ ಬಾಬ್ ಬ್ಲೆಡ್ಸಾ ಮತ್ತು ಬಿಲ್ ಓವೆನ್ ‘ಜಡ್ಜಸ್ ಗಿಲ್ಡ್’ ಶುರು ಮಾಡಿದರು. ಆಗ ಆಟದ ಒಡೆತನ ಟಿಎಸ್‌ಆರ್ ಕಂಪನಿಯದು. ಅವರು ಮುಖ್ಯವಾಗಿ ನಿಯಮ ಮಾರುತ್ತಿದ್ದರೆ, ಇವರು ಒಂದು ಇಡೀ ನಗರವನ್ನೇ ಬೀದಿ, ಅಂಗಡಿ, ಅಂಗಡಿಯವನ ಸಮೇತ ಬರೆದು ಮಾರಿದರು. ವಾರವೆಲ್ಲ ಆಫೀಸಲ್ಲಿ ದುಡಿದು ಬಂದವನಿಗೆ ಬೇಕಾಗಿರೋದೇ ಅದು. ಕಲ್ಪನೆ ನಮ್ಮಲ್ಲೂ ಇರುತ್ತೆ ಸ್ವಾಮಿ. ನಾವು ದುಡ್ಡು ಕೊಡೋದು ಉಳಿಯುವ ಸಮಯಕ್ಕೆ. ನಕ್ಷೆಯನ್ನೂ ನಾನೇ ಕೂತು ಬರೀಬೇಕು ಅಂದಮೇಲೆ ಆ ಪುಸ್ತಕ ಯಾಕೆ?

2000ದಲ್ಲಿ ವಿಝರ್ಡ್ಸ್‌ನವರು ಓಪನ್ ಗೇಮ್ ಲೈಸೆನ್ಸ್ ತಂದು, ನಮ್ಮ ನಿಯಮಗಳ ಮೇಲೆ ಯಾರು ಬೇಕಾದರೂ ಪುಸ್ತಕ ಬರೆದು ಮಾರಬಹುದು ಅಂದರು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತಲ್ಲ, ಹಾಗೇ ಆಯ್ತು. ಒಳ್ಳೆಯವರು ಬಂದರು, ಅವರ ಹಿಂದೆ ತಪ್ಪು ತಿದ್ದುವುದಕ್ಕೂ ಪುರುಸೊತ್ತಿಲ್ಲದವರು ಬಂದರು. 2003ರಲ್ಲಿ ಆಟದ 3.5 ಆವೃತ್ತಿ ಬಂತು. ಅಂಗಡಿಗಳಲ್ಲಿದ್ದ ರಾಶಿ ರಾಶಿ ಥರ್ಡ್ ಪಾರ್ಟಿ ಪುಸ್ತಕ ಹಳೆಯದಾಗಿ ಅಲ್ಲೇ ಉಳಿಯಿತು, ಎಷ್ಟೋ ಪ್ರಕಾಶಕರು ಬಾಗಿಲು ಹಾಕಿದರು. ಎಲ್ಲರೂ ಇದಕ್ಕೆ ಹೊಸ ಆವೃತ್ತಿಯನ್ನೇ ದೂರುತ್ತಾರೆ. ನನಗನ್ನಿಸೋದು, ಅಷ್ಟು ಹೊತ್ತಿಗಾಗಲೇ ಗಿರಾಕಿ ಬೇಸತ್ತಿದ್ದ; ಆವೃತ್ತಿ ಒಂದು ನೆಪ ಆಯ್ತು.

ದೊಡ್ಡವರದೂ ಇದೇ ಕಥೆ. 2023ರ ಜನವರಿಯಲ್ಲಿ ಅದೇ ಲೈಸೆನ್ಸಿನ ಹೊಸ ಕರಡು ಸೋರಿಕೆಯಾಯ್ತು. ವರ್ಷಕ್ಕೆ 7,50,000 ಡಾಲರ್ ದಾಟಿದ ವಹಿವಾಟಿನ ಮೇಲೆ ಶೇ. 25ರವರೆಗೆ ರಾಯಲ್ಟಿ, ಜೊತೆಗೆ ಹಳೇ ಲೈಸೆನ್ಸ್ ಇನ್ನು ಊರ್ಜಿತವಲ್ಲ ಎಂಬ ಮಾತು. ಇಪ್ಪತ್ತು ವರ್ಷ ಅದನ್ನೇ ನಂಬಿ ಮನೆ ನಡೆಸಿದವರಿದ್ದರು. ಆಟಗಾರರು ಡಿ ಅಂಡ್ ಡಿ ಬಿಯಾಂಡ್ ಚಂದಾ ರದ್ದು ಮಾಡೋಕೆ ಶುರು ಮಾಡಿದರು. ಒಂದು ವಾರ ಕಂಪನಿಯಿಂದ ಹೆಚ್ಚುಕಮ್ಮಿ ಉಸಿರೇ ಇಲ್ಲ. ಆಮೇಲೆ ಬಂದ ಹೇಳಿಕೆಯನ್ನು ನಾನು ಎರಡು ಸಲ ಓದಿದೆ. ನೀವು ಗೆದ್ದಿರಿ, ನಾವು ಸೋತೆವು ಅಂತ ಜನ ಹೇಳ್ತಾರೆ. ಅದು ಅರ್ಧ ಸತ್ಯ, ನಾವೂ ಗೆದ್ದಿದ್ದೇವೆ ಅನ್ನೋದು ಅದರ ಧಾಟಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಕೊನೆಗೆ ಜನವರಿ 27ರಂದು ಹಳೇ ಲೈಸೆನ್ಸನ್ನು ಮುಟ್ಟಲ್ಲ ಅಂತ ಒಪ್ಪಿ, ಮೂಲ ನಿಯಮಗಳ ದಾಖಲೆಯನ್ನೇ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟುಕೊಟ್ಟರು. ಕೊಟ್ಟಿದ್ದು ನಿಜಕ್ಕೂ ದೊಡ್ಡದು. ಆದ್ರೆ ನನ್ನ ಗೆಳೆಯರಿಗೆ ಇವತ್ತಿಗೂ ನೆನಪಿರೋದು ಆ ಮೀಸೆ.

ಈ ಹವ್ಯಾಸದಲ್ಲಿ ‘ಕಮ್ಯುನಿಟಿ’ ಅನ್ನೋ ಮಾತು ಬಹಳ ಓಡುತ್ತೆ, ನನಗೆ ಅದರ ಮೇಲೇ ಅನುಮಾನ. ಕಿಕ್‌ಸ್ಟಾರ್ಟರ್‌ನಲ್ಲಿ ಪುಸ್ತಕ ಬರೆಯೋದಕ್ಕೆ ಮುಂಚೇನೇ ದುಡ್ಡು ಕೇಳುವಾಗ ನಾವೆಲ್ಲ ಒಂದೇ ಮನೆಯವರು. ಪುಸ್ತಕ ಎಲ್ಲಪ್ಪಾ ಅಂತ ಕೇಳಿದ ದಿನ ನಾವು ತಲೆಹರಟೆ ಗಿರಾಕಿಗಳು. ಅವರು ಮಾತ್ರ ಮಾರುವಾಗ ಪ್ರಕಾಶಕರು, ದೂರು ಬಂದಾಗ ‘ಹವ್ಯಾಸಕ್ಕೆ ಬರೆಯೋ ಪಾಪದವರು’. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಕೇಳೋದು ತಪ್ಪಾ?

ನಮ್ಮ ಕಡೆಯೂ ಹುಳುಕಿದೆ, ಇಲ್ಲ ಅನ್ನಲ್ಲ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಕೂತರೆ ಲೇಖಕನಿಗೆ ಒಂದು ಸ್ಟಾರ್ ಕೊಡೋರನ್ನು ನೋಡಿದ್ದೇನೆ. ಆರು ಡಾಲರಿನ ಪಿಡಿಎಫ್ ಕೊಂಡು, ಅರ್ಧರಾತ್ರಿಯಲ್ಲಿ ನಿಯಮದ ಸಂದೇಹ ಕಳಿಸಿ, ಬೆಳಗ್ಗೆ ಉತ್ತರ ಬಂದಿಲ್ಲ ಅಂತ ಕೂಗಾಡಿದವನು ನನ್ನ ಮೇಜಿನಲ್ಲೇ ಇದ್ದಾನೆ. ಒಬ್ಬರೇ ಬರೆದು, ಪುಟ ಕಟ್ಟಿ, ಲೆಕ್ಕ ಇಡುವವರ ಹತ್ತಿರ ಕಾಲ್ ಸೆಂಟರ್ ಸೇವೆ ಕೇಳಬಾರದು. ನಾನು ಕೇಳಿದ್ದು ಒಂದು ಬಾಗಿಲು, ಅಷ್ಟೇ.

ಹೋದ ವರ್ಷ ಇಬ್ಬರೇ ನಡೆಸುವ ಇನ್ನೊಂದು ಪ್ರಕಾಶನಕ್ಕೂ ಒಂದು ತಪ್ಪು ತಿಳಿಸಿದೆ: ಒಂದು ರಾಕ್ಷಸನ ಅಂಕಿಗಳೇ ಬಿಟ್ಟುಹೋಗಿದ್ದವು. ಎರಡು ದಿನಕ್ಕೆ ಉತ್ತರ ಬಂತು. ತಪ್ಪು ನಮ್ಮದು, ಸರಿಯಾದ ಅಂಕಿಗಳು ಇಗೋ, ಪಿಡಿಎಫ್ ತಿದ್ದೋಕೆ ಮೂರು ವಾರ ಬೇಕು. ಮೂರು ಹೋಗಿ ಐದು ವಾರ ಆಯ್ತು. ಹೊಸ ಪಿಡಿಎಫ್ ಬಂದಾಗ ಅದರಲ್ಲಿ ಪುಟಸಂಖ್ಯೆಗಳು ಎಡವಟ್ಟಾಗಿದ್ದವು. ಅವರಿಂದ ಇನ್ನೂ ಮೂರು ಪುಸ್ತಕ ಕೊಂಡಿದ್ದೀನಿ.